ಕಾರಲ್ಲಿ ಒಂದು ದಿನದ ಬೀಚ್ ಟ್ರಿಪ್: ನಾನು ಪ್ಲಾನ್ ಮಾಡೋದು ವಾಪಸ್ ಬರೋ ಟೈಮಿಂದ

ಬೀಚ್‌ಗೆ ಒಂದೇ ದಿನದಲ್ಲಿ ಹೋಗಿ ಬರೋಣ ಅಂದ ತಕ್ಷಣ ಎಲ್ಲರೂ ಕೇಳೋದು ಬೆಳಿಗ್ಗೆ ಎಷ್ಟು ಗಂಟೆಗೆ ಬಿಡೋದು ಅಂತ. ನನ್ನ ಹತ್ರ ಅದಕ್ಕೆ ಉತ್ತರ ಸಿಗೋದು ಕೊನೇಲಿ. ನಾನು ಮೊದಲು ಫಿಕ್ಸ್ ಮಾಡ್ಕೊಳ್ಳೋದು ಸಮುದ್ರದ ಹತ್ರದಿಂದ ಎಷ್ಟು ಗಂಟೆಗೆ ಏಳಬೇಕು ಅನ್ನೋದನ್ನ. ಯಾಕಂದ್ರೆ ಬೆಳಿಗ್ಗೆ ಫ್ರೆಶ್ ಆಗಿ ಓಡಿಸೋನು ಬೇರೆ, ಇಡೀ ದಿನ ಬಿಸಿಲಲ್ಲಿ ಒಣಗಿ ಅಲೆ ಜೊತೆ ಆಡಿ ಮೈಕೈ ಎಲ್ಲಾ ಸೋತು ಕತ್ತಲಲ್ಲಿ ಸ್ಟೇರಿಂಗ್ ಹಿಡಿಯೋನು ಬೇರೆ, ಮನುಷ್ಯ ಒಬ್ಬನೇ ಆದ್ರೂ.

ಲೆಕ್ಕ ಹೀಗೆ. ಒಂದು ಕಡೆಗೆ ಮೂರು ಗಂಟೆ ಡ್ರೈವ್, ಮಧ್ಯೆ ಒಂದು ಬ್ರೇಕ್ ಸೇರಿ ಮೂರೂವರೆ ಅಂತಿಟ್ಕೊಳ್ಳಿ, ಅವತ್ತು ಸೂರ್ಯ ಮುಳುಗೋದು 6:30ಕ್ಕೆ. 4 ಗಂಟೆಗೆ ಬೀಚ್ ಬಿಟ್ರೆ 7:30ಕ್ಕೆ ಮನೆ, ಕತ್ತಲಲ್ಲಿ ಓಡಿಸೋದು ಕೊನೇ ಒಂದು ಗಂಟೆ ಮಾತ್ರ, ಅದೂ ಊರ ಹತ್ರದ ಗೊತ್ತಿರೋ ರಸ್ತೆ. 9:30ಕ್ಕೆ ಅಲ್ಲಿ ತಲುಪಬೇಕು ಅಂದ್ರೆ ಬೆಳಿಗ್ಗೆ 6ಕ್ಕೆ ಮನೆ ಬಿಡಬೇಕು. ಬೇಗ ತಲುಪಿದ್ರೆ ಪಾರ್ಕಿಂಗೂ ಸಿಗತ್ತೆ, ನೆರಳಿರೋ ಜಾಗಾನೂ ಸಿಗತ್ತೆ. ಸೂರ್ಯಾಸ್ತ ನೋಡ್ಲೇಬೇಕು ಅಂತ ಮನೆಯವರು ಹಠ ಹಿಡಿದ್ರೆ ನಾನು ದೂರದ ಬೀಚ್ ಬಿಟ್ಟು ಒಂದೂವರೆ ಗಂಟೆ ಒಳಗಿರೋದನ್ನ ಹುಡುಕ್ತೀನಿ. ದೂರಾನೂ ಬೇಕು ಸೂರ್ಯಾಸ್ತಾನೂ ಬೇಕು ಅನ್ನೋದಾದ್ರೆ ರಾತ್ರಿ ಅಲ್ಲೇ ಉಳಿಯೋ ಪ್ಲಾನ್ ಮಾಡೋದೇ ವಾಸಿ.

ಮ್ಯಾಪ್ ಆ್ಯಪಲ್ಲಿ ಈಗಿನ ಟ್ರಾಫಿಕ್ ನೋಡಿ ಟೈಮ್ ಲೆಕ್ಕ ಹಾಕೋದಲ್ಲ, ಹೊರಡೋ ಟೈಮ್ ಹಾಕಿ ನೋಡೋ ಆಪ್ಷನ್ ಇರತ್ತೆ, ಅದ್ರಲ್ಲಿ ಹೋಗೋ ದಿನ, ವಾಪಸ್ ಬರೋ ಗಂಟೆ ಹಾಕಿ ನೋಡಿ. ರಜಾ ದಿನ ಸಂಜೆ ಸಿಟಿ ಒಳಗೆ ಬರೋ ರಸ್ತೆ ಬೆಳಗಿನ ಥರ ಖಾಲಿ ಇರಲ್ಲ. ಇನ್ನೊಂದು ವಿಷಯ ತುಂಬಾ ಜನ ಯೋಚನೆ ಮಾಡಲ್ಲ, ಸಮುದ್ರ ಸಿಟಿಯ ಪಶ್ಚಿಮಕ್ಕಿದ್ರೆ ಹೋಗುವಾಗ್ಲೂ ಬರುವಾಗ್ಲೂ ಸೂರ್ಯ ಬೆನ್ನಿಗಿರ್ತಾನೆ, ಪೂರ್ವಕ್ಕಿದ್ರೆ ಎರಡೂ ಸಲ ನೇರ ಕಣ್ಣಿಗೆ. ಪೂರ್ವದ ಬೀಚಿಂದ ಬರುವಾಗ ಸಂಜೆ ಸೂರ್ಯ ಕೆಳಗಿಳಿಯೋ ಹೊತ್ತಲ್ಲಿ ನಾನು ಬ್ರೇಕ್ ಇಟ್ಕೋತೀನಿ.

ಈಗ ಸಮುದ್ರದ ಟೈಮ್. ಇದು ನನಗೆ ತುಂಬಾ ಇಷ್ಟದ ಭಾಗ. ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ಉಬ್ಬರ ಎರಡು ಸಲ ಇಳಿತ, ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರತ್ತೆ. ಹೋದ ವಾರ ಹೋಗಿ ಬಂದವರು ಬೆಳಿಗ್ಗೆ ಒಳ್ಳೆ ಅಗಲ ಮರಳಿತ್ತು ಅಂದ್ರು ಅಂತ ಹೋದ್ರೆ ಈ ವಾರ ಅದೇ ಹೊತ್ತಿಗೆ ಅಲ್ಲಿ ನೀರು ಇರ್ಬೋದು. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಏರಿಳಿತ ಇನ್ನೂ ದೊಡ್ಡದು. ಆ ಜಾಗದ ಟೈಡ್ ಟೇಬಲ್, ಅಂದ್ರೆ ಉಬ್ಬರ ಇಳಿತದ ಟೈಮ್ ಪಟ್ಟಿ ನೋಡಿ, ನೀರು ಇಳಿದಿರೋ ಹೊತ್ತನ್ನ ನಡೆದಾಡೋಕೆ, ಮಕ್ಕಳು ಮರಳಲ್ಲಿ ಆಡೋಕೆ ಇಟ್ಕೋತೀನಿ. ನೀರು ಒಂದೇ ವೇಗದಲ್ಲಿ ಏರಲ್ಲ ಅನ್ನೋದೂ ತಿಳ್ಕೊಂಡಿರಿ: ಆರು ಗಂಟೆ ಏರಿಕೆಯಲ್ಲಿ ಮೊದಲ ಗಂಟೇಲಿ ಹನ್ನೆರಡರಲ್ಲಿ ಒಂದು ಪಾಲು ಮಾತ್ರ, ಆದ್ರೆ ಮೂರನೇ ನಾಲ್ಕನೇ ಗಂಟೇಲಿ ಸೇರಿ ಅರ್ಧಕ್ಕರ್ಧ ಏರತ್ತೆ. ಬಂಡೆ ದಾಟಿ ಆಚೆ ಹೋಗೋರು, ಇಳಿತದಲ್ಲಿ ಮಾತ್ರ ದಾರಿ ಕಾಣೋ ಕಡೆಗೆ ನಡೆಯೋರು ಇದನ್ನ ಮರೀಬಾರ್ದು. ಬ್ಯಾಗ್ ಎಲ್ಲಿ ಇಡೋದು ಅನ್ನೋದಕ್ಕೆ ಟೇಬಲೂ ಬೇಡ, ಮರಳಿನ ಮೇಲೆ ಕಸಕಡ್ಡಿ, ಸಮುದ್ರದ ಪಾಚಿ, ಚಿಪ್ಪು ಎಲ್ಲಾ ಸೇರಿ ಒಂದು ಉದ್ದ ಗೆರೆ ಎಳೆದ ಹಾಗೆ ಬಿದ್ದಿರತ್ತೆ, ಇತ್ತೀಚಿನ ಉಬ್ಬರ ಅಲ್ಲೀವರೆಗೂ ಬಂದಿತ್ತು ಅಂತ ಅರ್ಥ. ಬ್ಯಾಗ್, ಚಪ್ಪಲಿ, ಚಾಪೆ ಎಲ್ಲಾ ಅದಕ್ಕಿಂತ ಸಾಕಷ್ಟು ಮೇಲೆ. ಕಾರನ್ನಂತೂ ಮರಳಿಗೆ ಇಳಿಸೋದೇ ಬೇಡ.

ತಲುಪಿದ ಕೂಡ್ಲೇ ಯಾರೂ ನೀರಿಗೆ ಓಡಬಾರ್ದು ಅನ್ನೋದು ನಮ್ಮಲ್ಲಿ ಕಟ್ಟುನಿಟ್ಟು. ಹತ್ತು ನಿಮಿಷ ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಅಲೆ ನೋಡ್ತೀವಿ. ಎಲ್ಲಾ ಕಡೆ ಅಲೆ ಒಡೀತಾ ಬಿಳಿ ನೊರೆ ಇದ್ದು ಮಧ್ಯೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೀದೆ ನೀರು ಗಾಢ ಬಣ್ಣದಲ್ಲಿ ಶಾಂತವಾಗಿ ಕಂಡ್ರೆ, ನೊರೆ ಮರಳು ಅಲ್ಲಿಂದ ಒಳಕ್ಕೆ ಹೋಗ್ತಾ ಇದ್ರೆ ಅದು ರಿಪ್ ಕರೆಂಟ್, ಅಂದ್ರೆ ದಡದಿಂದ ಸಮುದ್ರದೊಳಕ್ಕೆ ಎಳೆಯೋ ಸೆಳೆತ ಇರೋ ಜಾಗ. ಗೊತ್ತಿಲ್ಲದವರು ಅಲೆ ಕಮ್ಮಿ ಇದೆ ಅಂತ ಮಕ್ಕಳನ್ನ ಕರ್ಕೊಂಡು ಅಲ್ಲಿಗೇ ಇಳೀತಾರೆ, ಅದನ್ನ ನೋಡಿದ್ರೆ ಈಗ್ಲೂ ಎದೆ ಝಲ್ ಅನ್ನತ್ತೆ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ಮೀರಿ ಎಳೆಯತ್ತೆ, ಎಂಥಾ ಈಜುಗಾರನಿಗೂ ಅದರ ಎದುರು ಈಜೋಕಾಗಲ್ಲ. ಸಿಕ್ಕಿಹಾಕ್ಕೊಂಡ್ರೆ ದಡದ ಕಡೆ ಒದ್ದಾಡದೆ ತೇಲ್ಬೇಕು, ಕೈ ಎತ್ತಿ ಕರೀಬೇಕು, ಈಜೋಕಾಗೋ ಹಾಗಿದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬರ್ಬೇಕು. ಇದನ್ನ ಕಾರಲ್ಲಿ ಹೋಗುವಾಗ್ಲೇ ಮಕ್ಕಳ ಬಾಯಲ್ಲಿ ಹೇಳಿಸ್ತೀನಿ. ಬೀಚ್ ಆರಿಸೋವಾಗ್ಲೇ ಲೈಫ್ ಗಾರ್ಡ್ ಇದಾರಾ ಅಂತ ನೋಡ್ಕೊಳ್ಳಿ, ಕೆಂಪು-ಹಳದಿ ಬಾವುಟ ನೆಟ್ಟಿದ್ರೆ ಅವೆರಡರ ನಡುವೆ ಮಾತ್ರ ಇಳೀರಿ, ಬರೀ ಕೆಂಪು ಇದ್ರೆ ಅವತ್ತು ಮರಳೇ ಸಾಕು.

ಬಿಸಿಲಿನ ವಿಷಯ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ರೆ ಬಿಸಿಲು ಖಡಕ್ಕಾಗಿದೆ ಅಂತ ಲೆಕ್ಕ, ಆಗ ಊಟ ನಿದ್ದೆ ಎಲ್ಲಾ ನೆರಳಲ್ಲಿ. ಸನ್‌ಸ್ಕ್ರೀನ್ ಬಿಸಿಲಿಗೆ ಇಳಿಯೋ 15ರಿಂದ 30 ನಿಮಿಷ ಮುಂಚೆ ಹಚ್ಬೇಕು, ಹಾಗಾಗಿ ನಾವು ದಾರಿಯ ಕೊನೇ ಸ್ಟಾಪಲ್ಲೇ ಹಚ್ಕೋತೀವಿ, ಮರಳು ಮೆತ್ತಿದ ಮೈಗೆ ಹಚ್ಚೋ ಕಷ್ಟಾನೂ ತಪ್ಪತ್ತೆ. ಡಬ್ಬಿ ಮೇಲೆ ಬರೆದಿರೋ ಎಸ್‌ಪಿಎಫ್ 30 ಇದ್ರೆ ಚರ್ಮ ಸುಡೋ ಯುವಿಬಿ ಕಿರಣಾನ ಸುಮಾರು 97 ಪರ್ಸೆಂಟ್ ತಡೆಯತ್ತೆ, 50 ಸುಮಾರು 98, ಅಷ್ಟೇ ವ್ಯತ್ಯಾಸ. ಎರಡು ಗಂಟೆಗೊಮ್ಮೆ, ನೀರಿಂದ ಎದ್ದಾಗೆಲ್ಲ ಮತ್ತೆ ಹಚ್ಚೋದೇ ಮುಖ್ಯ. ಡ್ರೈವ್ ಮಾಡೋರೂ ಕಿಟಕಿ ಕಡೆ ಕೈಗೆ ಹಚ್ಕೊಳ್ಳಿ, ಪಕ್ಕದ ಗಾಜು ಯುವಿಎ ಅನ್ನೋ ಇನ್ನೊಂದು ಥರದ ಬಿಸಿಲ ಕಿರಣಾನ ಪೂರ್ತಿ ತಡೆಯಲ್ಲ.

ಡಿಕ್ಕಿ ತುಂಬೋದೂ ಹಿಂದುಮುಂದೇ. ಕೊನೇಲಿ ಬೇಕಾಗೋ ಒಣ ಬಟ್ಟೆ ಎಲ್ಲಾ ಮುಚ್ಚಿದ ಬ್ಯಾಗಲ್ಲಿ ಒಳಗೆ, ಮೊದಲು ಬೇಕಾಗೋ ಚಾಪೆ ಕೊಡೆ ಬಾಗಿಲ ಹತ್ರ, ಒಂದು ಕ್ಯಾನ್ ಸಿಹಿನೀರು ಕಾಲು ತೊಳೆಯೋಕೆ. ಹಿಂದಿನ ರಾತ್ರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರು ತುಂಬಿ ಫ್ರೀಜರಲ್ಲಿಟ್ಟ ಬಾಟ್ಲಿಗಳು ಬೆಳಿಗ್ಗೆ ಊಟದ ಡಬ್ಬ ತಣ್ಣಗಿಡ್ತಾವೆ, ಮಧ್ಯಾಹ್ನಕ್ಕೆ ಕುಡಿಯೋಕೆ ಆಗ್ತಾವೆ. ಕಾರ್ ಕೀಯಲ್ಲಿ ಎಲೆಕ್ಟ್ರಾನಿಕ್ಸ್ ಇರತ್ತೆ, ಉಪ್ಪುನೀರು ಸೋಕಬಾರ್ದು, ನಮ್ಮಲ್ಲಿ ನೀರಿಗಿಳಿಯದ ಅಮ್ಮನ ಪರ್ಸಲ್ಲಿ ಅದು. ಬಿಸಿಲಲ್ಲಿ ನಿಂತ ಕಾರೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರತ್ತೆ, ಒಂದು ಕ್ಷಣ ಅಂತ ಹೇಳಿ ಮಗೂನ ಒಳಗೆ ಬಿಟ್ಟು ಹೋಗೋದು ಯಾವತ್ತಿಗೂ ಬೇಡ. ಕಾಲಿನ ಮರಳಿಗೆ ಟಾಲ್ಕಮ್ ಪೌಡರ್ ಉದುರಿಸಿ ಒರೆಸಿ, ಪೌಡರ್ ತೇವ ಹೀರ್ಕೊಂಡು ಮರಳು ಉದುರಿ ಹೋಗತ್ತೆ.

ಟೈರ್ ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ್ಲೇ ನೋಡಿ, ಸ್ಟೆಪ್ನಿದೂ ಸೇರಿ.

ವಾಪಸ್ ಓಡಿಸೋರು ಹೊರಡೋ ಒಂದು ಗಂಟೆ ಮುಂಚೆ ನೀರಿಂದ ಎದ್ದು, ಮೈ ತೊಳ್ಕೊಂಡು, ಒಂದು ಕಾಫಿ ಕುಡಿದು ಹದಿನೈದು ಇಪ್ಪತ್ತು ನಿಮಿಷ ನೆರಳಲ್ಲಿ ಮಲಗಬೇಕು. ಕಾಫಿ ಕೆಲಸ ಶುರು ಮಾಡೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು, ಏಳೋವಾಗ ತಲೆ ತಿಳಿಯಾಗಿರತ್ತೆ. ಕುಡಿತ ಸುತರಾಂ ಇಲ್ಲ. ಅಷ್ಟರಲ್ಲಿ ಉಳಿದವರು ಮುಂದಿನ ಗಾಜು, ಕನ್ನಡಿ, ಲೈಟ್ ಎಲ್ಲಾ ಸಿಹಿನೀರಲ್ಲಿ ಒರೆಸ್ತಾರೆ, ಸಮುದ್ರದ ಗಾಳಿಗೆ ಗಾಜಿನ ಮೇಲೆ ಉಪ್ಪಿನ ತೆಳು ಪದರ ಕೂತಿರತ್ತೆ, ಹಗಲಲ್ಲಿ ಕಾಣಲ್ಲ, ಎದುರಿನ ಹೆಡ್‌ಲೈಟ್ ಬಿದ್ದಾಗ ಗಾಜು ಪೂರ್ತಿ ಬೆಳ್ಳಗಾಗತ್ತೆ. ಮಾರನೇ ದಿನ ಕಾರಿನ ಅಡಿಭಾಗಕ್ಕೂ ನೀರು ಹೊಡೆಸ್ತೀನಿ, ಉಪ್ಪು ಉಳಿದ್ರೆ ತುಕ್ಕು ಬೇಗ ಹಿಡಿಯತ್ತೆ.

ಮತ್ತೆ ಹಿಂದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡದೆ ನಾನು ಗಾಡಿ ತೆಗೆಯಲ್ಲ. ಆಕಾಶ ತಿಳಿ ಇದ್ರೂ ಎಲ್ಲೋ ದೂರದ ಬಿರುಗಾಳಿಯಿಂದ ದೊಡ್ಡ ಅಲೆ ದಡಕ್ಕೆ ಬರ್ಬೋದು, ಅದಕ್ಕೆ ಮಳೆ ಜೊತೆ ಅಲೆಯ ಎತ್ತರಾನೂ ನೋಡಿ. ಅದೇ ರಸ್ತೇಲಿ ಸಮುದ್ರಕ್ಕೆ ಮುಂಚೆ ಸಿಗೋ ಇನ್ನೊಂದು ಜಾಗ ಮನಸಲ್ಲಿಟ್ಟು ಮಕ್ಕಳಿಗೂ ಮೊದಲೇ ಹೇಳಿರ್ತೀನಿ, ಎಚ್ಚರಿಕೆ ಬಂದ್ರೆ ಅಲ್ಲಿಗೆ, ಇಲ್ಲಾಂದ್ರೆ ಬೀಚ್‌ಗೆ ಅಂತ.