ಅಜ್ಜ ತೋಟ ಆಕ್ರಮಿಸಿಕೊಂಡ ಕಥೆ

ಓಸ್ಲೋದಲ್ಲಿ ನಾರ್ವೇಜಿಯನ್ ಕ್ಲಾಸಿಗೆ ಸೇರಿದ ಮೂರನೇ ತಿಂಗಳು ಮನೆಯವರ ಬಗ್ಗೆ ಬರೆಯೋಕೆ ಹೇಳಿದ್ದರು. ತೀರ್ಥಹಳ್ಳಿ ಹತ್ತಿರ ನಮ್ಮಜ್ಜನಿಗೆ ಐದು ಎಕರೆ ಅಡಿಕೆ ತೋಟ ಇತ್ತು, ಅಂದರೆ ನಾರ್ವೆಯ ಲೆಕ್ಕದಲ್ಲಿ ಸುಮಾರು 20 'ಮೋಲ್'. ಅಷ್ಟು ಹೇಳೋಕೆ ನನಗೆ ಮೊದಲು ನೆನಪಾದದ್ದು ಇಂಗ್ಲಿಷಿನ 'ಪೊಸೆಸ್'. ನಿಘಂಟು ತೆಗೆದರೆ 'ಬೆಸಿಟ್ಟೆ' ಸಿಕ್ಕಿತು. ಪದ ಗತ್ತಾಗಿದೆ ಅನ್ನಿಸಿ, ಭೂತಕಾಲಕ್ಕೆ ನಾನೇ ಬಾಲ ಅಂಟಿಸಿ 'ಬೆಸಟ್ಟೆ' ಅಂತ ಬರೆದುಕೊಟ್ಟೆ.

ಟೀಚರ್ ಓದಿ, "ನಿನ್ನಜ್ಜ ಸೈನ್ಯದಲ್ಲಿದ್ದನಾ? ಯಾರ ತೋಟ ಅದು?" ಅಂದರು.

'ಬೆಸಟ್ಟೆ' ಅಂದರೆ ಆಕ್ರಮಿಸಿಕೊಂಡ. 1940ರಲ್ಲಿ ಜರ್ಮನ್ನರು ನಾರ್ವೆಗೆ ಮಾಡಿದ್ದು ಅದನ್ನೇ. ನನಗೆ ಬೇಕಿದ್ದ ರೂಪ ಬರೀ 'ಬೆಸಟ್'. ಅದೂ ಕ್ಷೇಮವಲ್ಲ, ದೆವ್ವ ಮೆಟ್ಟಿದವನಿಗೂ ಕ್ರಿಕೆಟ್ ಹುಚ್ಚು ಹತ್ತಿದವನಿಗೂ ಅದೇ ಪದ! ಅಸಲಿಗೆ 'ಬೆಸಿಟ್ಟೆ' ಹೆಚ್ಚಾಗಿ ಬರೋದು ಜ್ಞಾನ, ಸಾಮರ್ಥ್ಯ ಇಂಥವುಗಳ ಜೊತೆ, ಅದೂ ಬರಹದಲ್ಲಿ. ಟೀಚರ್ ಅದನ್ನು ಹೊಡೆದುಹಾಕಿ 'ಹಡ್ಡೆ' ಅಂತ ಬರೆದರು. 'ಹಾ' ಕ್ರಿಯಾಪದದ ಭೂತಕಾಲ. ಅಜ್ಜನಿಗೆ ತೋಟ 'ಇತ್ತು', ಅಷ್ಟೇ.

ಅಲ್ಲಿಂದ ಇಂಗ್ಲಿಷನ್ನು ಮಧ್ಯಕ್ಕೆ ತರೋದು ಬಿಟ್ಟೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಕನ್ನಡ ವಾಕ್ಯ, ಬಲಪುಟದಲ್ಲಿ ನಾರ್ವೇಜಿಯನ್. ನನಗೆ ಇಬ್ಬರು ಮಕ್ಕಳು, ನನ್ನ ಹತ್ತಿರ ಪೆನ್ನಿದೆ, ನನಗೆ ಜ್ವರ: ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಧಾಟಿ, ಅಲ್ಲಿ ಎಲ್ಲಕ್ಕೂ 'ಹಾರ್'. ಇನ್ನು ಪಹಣಿಯಲ್ಲಿ ಹೆಸರು ಬರುವಂಥ ಒಡೆತನವಾದರೆ 'ಐಯೆ', ಭೂತಕಾಲ 'ಐಡೆ'. ಈ ಪಹಣಿ ಸೂತ್ರ ನನಗೆ ಎಷ್ಟೋ ಸಲ ಕೈಹಿಡಿದಿದೆ. 'ಸ್ವಂತ' ಅನ್ನೋದಕ್ಕೆ 'ಏಗೆನ್', ಅದು ನಾಮಪದದ ಲಿಂಗ ನೋಡಿ ವೇಷ ಬದಲಿಸುತ್ತೆ. ತಪ್ಪು ಒಪ್ಪಿಕೊಳ್ಳೋ 'ಓನ್ ಅಪ್'ಗೂ ಇದಕ್ಕೂ ಸಂಬಂಧವೇ ಇಲ್ಲ, ಅಲ್ಲಿ 'ಇನ್‌ರಮ್ಮೆ'.

ಸೂತ್ರ ಕೈಕೊಟ್ಟದ್ದೂ ಉಂಟು. ಓಸ್ಲೋದಲ್ಲಿ ಫ್ಲ್ಯಾಟ್ ನೋಡೋಕೆ ಹೋದಾಗ 'ಬೂರೆಟ್ಸ್‌ಲಾಗ್' ಅಂದರು. ವಸತಿ ಸಹಕಾರ ಸಂಘ. ಕಟ್ಟಡದ ಒಡೆತನ ಸಂಘದ್ದು. ನಾವು ಕೊಳ್ಳೋದು ಒಂದು ಪಾಲು, ಅದರಿಂದ ಆ ಮನೆಯಲ್ಲಿರೋ ಹಕ್ಕು ಬರುತ್ತೆ. ಮಾತಿನಲ್ಲಿ ಮಾತ್ರ ಎಲ್ಲರೂ ಆರಾಮಾಗಿ 'ಐಯೆರ್' ಅಂತಲೇ ಅಂತಾರೆ. ಮಾನಗೆಟ್ಟವನಿಗೆ 'ಹನ್ ಐಯೆರ್ ಇಕ್ಕೆ ಸ್ಕಮ್' ಅಂತ ಬೈತಾರೆ, ನಾಚಿಕೆಯ ಒಡೆಯನಲ್ಲ ಅವನು ಅಂತ. ನಾಚಿಕೆಗೆ ಯಾವ ಪಹಣಿ?

ಇಷ್ಟೆಲ್ಲ ಕಲಿತ ಮೇಲೆ ಆಫೀಸಿಗೆ ಸೋಗ್ನ್ ಕಡೆಯವರೊಬ್ಬರು ಬಂದರು. ಅವರದು ನೀನೋರ್ಸ್ಕ್, ಅಂದರೆ ನಾರ್ವೇಜಿಯನ್ನಿನ ಇನ್ನೊಂದು ಲಿಖಿತ ರೂಪ. ಅದರಲ್ಲಿ 'ಐಯೆ' ಬದಲು 'ಐಗೆ', ಭೂತಕಾಲ 'ಒಟ್ಟೆ'. ಎಂಟು ಅನ್ನೋ ಸಂಖ್ಯೆಯೂ 'ಒಟ್ಟೆ'ಯೇ. ಊಟದ ಹೊತ್ತಲ್ಲಿ ಅವರು ತಮ್ಮಜ್ಜಿ 'ಒಟ್ಟೆ ಒಟ್ಟೆ' ಹಸು ಅಂದಾಗ ನಾನು, "ಎಂಬತ್ತೆಂಟಾ!" ಅಂದೆ.

ಅಜ್ಜಿಗೆ ಇದ್ದದ್ದು ಎಂಟೇ.