ಅಲ್ಜಿಯರ್ಸ್ ಹಡಗಿನ ಮಾದರಿಗೆ ಬಾವುಟ ಮಾಡುವುದು ಹೇಗೆ?

ಶೆಬೆಕ್ ಅಂದರೆ ಮೆಡಿಟರೇನಿಯನ್ ಕಡಲಿನ ಹಳೆಯ ಹಾಯಿಹಡಗು. ನಾನು ಮಾಡಿದ ಮೊದಲ ಶೆಬೆಕ್ ಮಾದರಿಗೆ ಹಸಿರು-ಬಿಳಿ ಬಾವುಟ ಕಟ್ಟಿದ್ದೆ. ನಡುವೆ ಕೆಂಪು ಚಂದ್ರ, ನಕ್ಷತ್ರ. ಅಲ್ಜಿಯರ್ಸ್ ಇವತ್ತಿನ ಅಲ್ಜೀರಿಯಾದ ರಾಜಧಾನಿ, ಅಲ್ಜೀರಿಯಾ ಅಂದಮೇಲೆ ಅದೇ ಅಲ್ವಾ ಅಂದುಕೊಂಡಿದ್ದೆ. ಆದರೆ ಅದು 1962ರಲ್ಲಿ ಸ್ವತಂತ್ರವಾದ ದೇಶದ ಬಾವುಟ. ನನ್ನ ಹಡಗು 1700ರ ಹೊತ್ತಿನದು. ತಪ್ಪು ಗೊತ್ತಾದ ದಿನವೇ ಅದನ್ನು ಬಿಚ್ಚಿ ತೆಗೆದೆ. ಆಮೇಲೆ ಮೂರು ಹಡಗುಗಳಿಗೆ ಬಾವುಟ ಮಾಡಿದ್ದೇನೆ. ಅದರಲ್ಲಿ ಕಲಿತದ್ದು ಇಲ್ಲಿದೆ.

ಬ್ರಷ್ ಹಿಡಿಯುವ ಮೊದಲು ನಿಮ್ಮ ಹಡಗು ಯಾವ ವರ್ಷದ್ದು ಅಂತ ಗಟ್ಟಿ ಮಾಡಿಕೊಳ್ಳಿ. ಅಲ್ಜಿಯರ್ಸ್ 1516ರಲ್ಲಿ ಓರುಚ್ ಎಂಬ ಹಡಗುದಾಳಿಯ ನಾಯಕನ ಕೈಗೆ ಬಂತು. ಅವನ ತಮ್ಮ ಹೈರುದ್ದೀನ್ ಬಾರ್ಬರೋಸಾ ಅದನ್ನು ಒಟ್ಟೋಮನ್ ಸುಲ್ತಾನನ ಆಸರೆಗೆ ತಂದ. 1830ರಲ್ಲಿ ಫ್ರೆಂಚರು ಊರನ್ನು ಹಿಡಿದರು. ನಡುವೆ ಮುನ್ನೂರು ವರ್ಷಕ್ಕೂ ಜಾಸ್ತಿ. ಅಷ್ಟು ಕಾಲ ಒಂದೇ ಬಾವುಟ ಹಾರಲಿಲ್ಲ. ಇವತ್ತಿನ ರಾಷ್ಟ್ರಧ್ವಜದ ಹಾಗೆ 'ಅಲ್ಜಿಯರ್ಸ್ ಬಾವುಟ' ಅಂತ ಒಂದನ್ನೇ ಹುಡುಕಬೇಡಿ. ಹಳೆಯ ಚಿತ್ರಗಳಲ್ಲಿ ಒಂದೇ ಹಡಗಿನ ಮೇಲೆ ಮೂರು ನಾಲ್ಕು ಬಗೆಯ ಬಟ್ಟೆ ಹಾರುತ್ತಿರುತ್ತದೆ. ಕೆಂಪು ಬಟ್ಟೆಯ ಮೇಲೆ ಅರ್ಧಚಂದ್ರಗಳು, ಬಣ್ಣಬಣ್ಣದ ಅಡ್ಡಪಟ್ಟಿ, ಉದ್ದನೆಯ ಬಾಲದಂಥ ಪತಾಕೆ, ಹೀಗೆ.

ತಲೆಬುರುಡೆಯ ಕಪ್ಪು ಬಾವುಟ ಮಾತ್ರ ಬೇಡ. ಅದು ಕೆರಿಬಿಯನ್ ಮತ್ತು ಅಟ್ಲಾಂಟಿಕ್ ಕಡಲ್ಗಳ್ಳರದ್ದು. ಅಲ್ಜಿಯರ್ಸ್‌ನ ರಯೀಸರು, ಅಂದರೆ ಹಡಗಿನ ನಾಯಕರು, ಸರ್ಕಾರದ ಅಪ್ಪಣೆಯಿಂದ ಬೇರೆ ದೇಶದ ಹಡಗುಗಳನ್ನು ಹಿಡಿಯಲು ಕಡಲಿಗೆ ಇಳಿದವರು. ಹಿಡಿದ ಮಾಲಿನಲ್ಲಿ ಸರ್ಕಾರಕ್ಕೂ ಪಾಲಿತ್ತು. ಅವರ ಬಾವುಟ ಒಂದು ರಾಜ್ಯದ ಗುರುತು. ಮಾದರಿ ಮಾಡುವವರು ಇದನ್ನು ಮರೆತರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಇನ್ನು ನೋಡಿ ಬರೆಯಲು ಚಿತ್ರ ಬೇಕು. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಯುರೋಪಿನಲ್ಲಿ, ಮುಖ್ಯವಾಗಿ ಡಚ್ಚರಲ್ಲಿ, ಬಾವುಟಗಳ ಪಟ್ಟಿಗಳು ಅಚ್ಚಾಗುತ್ತಿದ್ದವು. ನೋಡಲು ಚಂದ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಅಚ್ಚು ಕೊರೆದರು, ತಪ್ಪೂ ಜೊತೆಗೇ ಹೋಯಿತು. ಬಣ್ಣವನ್ನು ಆಮೇಲೆ ಕೈಯಿಂದ ಹಚ್ಚುತ್ತಿದ್ದರು. ಹಾಗಾಗಿ ಒಂದೇ ಪುಟದ ಎರಡು ಪ್ರತಿಗಳಲ್ಲಿ ಬಣ್ಣ ಬೇರೆಯಾಗಿರಬಹುದು. ಮುಂಡಾಸು ಸುತ್ತಿದ ತಲೆ, ಕತ್ತಿ ಹಿಡಿದ ತೋಳು ಇರುವ ಕೆಂಪು ಬಾವುಟಗಳನ್ನೂ ಅಲ್ಜಿಯರ್ಸ್ ಹೆಸರಿನಲ್ಲಿ ತೋರಿಸಿದ್ದಾರೆ. ತಲೆಯ ಚಿತ್ರವನ್ನು ನಾನಂತೂ ಬಳಸುವುದಿಲ್ಲ. ಅದು ಹೊರಗಿನವರ ಕಲ್ಪನೆ ಅಂತಲೇ ನನ್ನ ಅನಿಸಿಕೆ.

ಬಣ್ಣ ಹಚ್ಚದ ಅಚ್ಚು ಸಿಕ್ಕಿದರೆ ಗೆರೆಗಳನ್ನು ನೋಡಿ. ಅನೇಕ ಅಚ್ಚುಗಳಲ್ಲಿ ನಿಂತ ಗೆರೆ ಅಂದರೆ ಕೆಂಪು, ಮಲಗಿದ ಗೆರೆ ಅಂದರೆ ನೀಲಿ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಕ್ಕೆ ಓರೆಯಾಗಿ ಬಂದರೆ ಹಸಿರು. ಚುಕ್ಕೆ ಇದ್ದರೆ ಚಿನ್ನದ ಬಣ್ಣ, ಖಾಲಿ ಇದ್ದರೆ ಬಿಳಿ. ಇದು ಗೊತ್ತಾದ ದಿನ ನಾನು ಹಳೆಯ ಅಚ್ಚುಗಳನ್ನೆಲ್ಲ ಮತ್ತೆ ತೆಗೆದು ಕೂತಿದ್ದೆ.

ಕಣ್ಣಾರೆ ನೋಡಬಹುದಾದ ಬಾವುಟವೂ ಒಂದಿದೆ. ಬಾರ್ಬರೋಸಾನದ್ದು ಎನ್ನುವ ಹಸಿರು ನಿಶಾನೆ ಇಸ್ತಾಂಬುಲ್‌ನ ಬೆಶಿಕ್ತಾಶ್‌ನಲ್ಲಿರುವ ನೌಕಾ ಮ್ಯೂಸಿಯಂನಲ್ಲಿದೆ. ಮೇಲ್ಗಡೆ ಕುರಾನಿನ 61ನೇ ಅಧ್ಯಾಯದ 13ನೇ ವಚನದ ಮಾತು: ದೇವರಿಂದ ನೆರವು, ಹತ್ತಿರದಲ್ಲೇ ಗೆಲುವು. ನಡುವೆ ಎರಡು ಅಲಗಿನ ಕತ್ತಿ, ಅದೇ ಅಲಿಯ ಕತ್ತಿ ಎನ್ನುವ ಜುಲ್ಫಿಕರ್. ಸುತ್ತ ನಾಲ್ಕು ಅರ್ಧಚಂದ್ರ, ಒಂದೊಂದರೊಳಗೆ ಒಬ್ಬ ಖಲೀಫನ ಹೆಸರು: ಅಬೂಬಕರ್, ಉಮರ್, ಉಸ್ಮಾನ್, ಅಲಿ. ಕತ್ತಿಯ ಪಕ್ಕ ಒಂದು ಪುಟ್ಟ ಅಂಗೈ. ಕೆಳಗೆ ಆರು ಮೂಲೆಯ ನಕ್ಷತ್ರ. ಅದನ್ನು ನೋಡಿ ಯಹೂದಿಗಳ ಗುರುತು ಅಂತ ಗೊಂದಲಪಡಬೇಡಿ. ಅದು ಸುಲೇಮಾನನ, ಅಂದರೆ ಬೈಬಲ್ಲಿನ ಸೊಲೊಮನ್ ರಾಜನ, ಮುದ್ರೆ, ಆ ಕಾಲದ ತುರ್ಕರಲ್ಲಿ ಸಾಮಾನ್ಯವಾಗಿದ್ದ ಗುರುತು.

ಇದನ್ನು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಳತೆ ನೋಡಿ. 1:60ರ ಮಾದರಿಯಲ್ಲಿ ಮೂರು ಮೀಟರಿನ ಬಾವುಟ ಐದು ಸೆಂಟಿಮೀಟರ್ ಆಗುತ್ತದೆ. ಅಷ್ಟರಲ್ಲಿ ಆ ವಚನ ಬರೆಯಲು ನನ್ನ ಕೈಗೆ ಆಗಲಿಲ್ಲ. ಅಕ್ಷರದ ಹಾಗೆ ಕಾಣುವ ಸುಮ್ನೆ ಗೀಚು ಹಾಕುವುದು ಸರಿಯಲ್ಲ. ಅದು ಜನ ನಂಬುವ ಮಾತು. ಸರಿಯಾಗಿ ಬರೆಯಲು ಆಗದಿದ್ದರೆ ಚಂದ್ರದ ಬಾವುಟವನ್ನೋ ಪಟ್ಟಿ ಬಾವುಟವನ್ನೋ ಆರಿಸಿಕೊಳ್ಳಿ. ಬರೆಯುವುದಾದರೆ ಎರಡೂ ಮುಖಕ್ಕೆ ಬೇರೆಬೇರೆ ಬರೆಯಿರಿ. ನನ್ನ ಎರಡನೇ ಹಡಗಿನಲ್ಲಿ ಬಣ್ಣ ಹಿಂದಕ್ಕೆ ಇಳಿದು, ಆ ಬದಿಯಲ್ಲಿ ಅರಬ್ಬಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು.

ಬಟ್ಟೆ ದಪ್ಪ ಇರಬಾರದು. ಮೇಜಿನ ಮೇಲೆ ತೆಳ್ಳಗೆ ಕಾಣುವ ಹತ್ತಿ ಬಟ್ಟೆಯೂ ಹಡಗಿನ ಮೇಲೆ ಕಂಬಳಿಯ ಹಾಗೆ ಕಾಣುತ್ತದೆ. ನನಗೆ ಒಗ್ಗಿದ್ದು ತೆಳು ಟಿಶ್ಯೂ ಕಾಗದ. ನೀರು ಬೆರೆಸಿದ ಬಿಳಿ ಗೋಂದನ್ನು ಮೊದಲು ಒಂದು ಸಲ ಸವರಿ ಒಣಗಿಸಿ, ಆಗ ಬಣ್ಣ ಹರಡುವುದಿಲ್ಲ. ಆಮೇಲೆ ಆಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ. ಕೆಂಪು ತೀರಾ ಹೊಳೆಯುವುದು ಬೇಡ, ಚೂರು ಕಂದು ಬೆರೆಸಿ. ಬಿಸಿಲು, ಉಪ್ಪುನೀರಿನಲ್ಲಿ ಯಾವ ಕೆಂಪೂ ಹೊಸದಾಗಿ ಉಳಿಯುವುದಿಲ್ಲ. ಕಂಬದ ಕಡೆಯ ಅಂಚನ್ನು ಮಡಚಿ, ಒಳಗೆ ದಾರ ಇಟ್ಟು ಅಂಟಿಸಿ.

ಈಗ ಬಹಳ ಜನ ತಪ್ಪುವ ಜಾಗ. ಬಾವುಟ ಯಾವಾಗಲೂ ಹಡಗಿನ ಹಿಂದಕ್ಕೆ ಹಾರುತ್ತದೆ ಅಂದುಕೊಳ್ಳುತ್ತಾರೆ. ಹಾಯಿಹಡಗನ್ನು ತಳ್ಳುವುದೇ ಗಾಳಿ. ಹಿಂದಿನಿಂದ ಗಾಳಿ ಬಂದು ಹಾಯಿ ಮುಂದಕ್ಕೆ ಉಬ್ಬಿದ್ದರೆ ಬಾವುಟವೂ ಮುಂದಕ್ಕೇ ಹಾರಬೇಕು. ಗಾಳಿ ಪಕ್ಕದಿಂದ ಬಂದರೆ ಪಕ್ಕಕ್ಕೆ. ಶೆಬೆಕ್‌ನ ಮೂರು ತ್ರಿಕೋನ ಹಾಯಿಗಳು ಎತ್ತ ಉಬ್ಬಿವೆ ಅಂತ ನೋಡಿ, ಬಾವುಟವನ್ನೂ ಅತ್ತಲೇ ತಿರುಗಿಸಿ.

ಒಂದು ವೇಳೆ ಬೇಟೆಗೆ ಹೊರಟ ಹಡಗನ್ನು ತೋರಿಸುತ್ತಿದ್ದರೆ ಬೇರೆ ದೇಶದ ಬಾವುಟವನ್ನೂ ಕಟ್ಟಬಹುದು. ಹತ್ತಿರ ಬರುವವರೆಗೆ ಸುಳ್ಳು ಬಾವುಟ ಹಾರಿಸುವುದು ಆಗ ಎಲ್ಲರ ರೂಢಿ. ಬಾವುಟವೊಂದನ್ನೇ ನಂಬಲು ಆಗದು, ಅದಕ್ಕೇ ಇಂಗ್ಲಿಷ್ ಹಡಗುಗಳಿಗೆ ಅವರ ಸರ್ಕಾರದವರು ಪಾಸ್, ಅಂದರೆ ಗುರುತಿನ ಪತ್ರ, ಕೊಡುತ್ತಿದ್ದರು. ಚರ್ಮದ ಹಾಳೆಯ ಮೇಲ್ಭಾಗವನ್ನು ಅಂಕುಡೊಂಕಾಗಿ ಕತ್ತರಿಸಿ, ಆ ತುಂಡನ್ನು ಅಲ್ಜಿಯರ್ಸ್‌ನವರಿಗೆ ಕಳಿಸುತ್ತಿದ್ದರು. ಕಡಲಿನಲ್ಲಿ ಎರಡೂ ಅಂಚು ಕೂಡಿದರೆ ಹಡಗನ್ನು ಬಿಟ್ಟುಬಿಡುತ್ತಿದ್ದರು.

ಕೊನೆಯ ಕೆಲಸ ಮಡಿಕೆ. ಬಾವುಟವನ್ನು ಗೋಂದುನೀರಿನಲ್ಲಿ ಸ್ವಲ್ಪ ತೋಯಿಸಿ, ಎರಡು ಪೆನ್ಸಿಲ್‌ಗಳ ಮೇಲೆ ಕೆಳಗೆ ಹಾಯಿಸಿ ಅಲೆಯ ಹಾಗೆ ಬಿಡಿ. ಕಂಬದ ಮೇಲಿನ ಮೂಲೆಯಿಂದ ಕೆಳಗಿನ ಹೊರಮೂಲೆಗೆ ಓರೆಯಾಗಿ ಮಡಿಕೆ ಬರಲಿ, ಆಗ ಬಟ್ಟೆಗೆ ತೂಕ ಇದ್ದಂತೆ ಕಾಣುತ್ತದೆ. ಒಂದು ರಾತ್ರಿ ಮುಟ್ಟಬೇಡಿ. ಬೆಳಿಗ್ಗೆ ಪೆನ್ಸಿಲ್‌ಗಳನ್ನು ನಿಧಾನಕ್ಕೆ ಎಳೆದು, ದಾರವನ್ನು ಕಂಬಕ್ಕೆ ಕಟ್ಟಿ.