ಹೋಟೆಲಿನಲ್ಲಿ ಪಕ್ಕದ ಟೇಬಲಿನ ಮಗು ಗಲಾಟೆ ಮಾಡುತ್ತಿದೆಯೇ? ಜಗಳವಿಲ್ಲದೆ ನಿಭಾಯಿಸುವುದು ಹೀಗೆ

ಭಾನುವಾರ ಮಧ್ಯಾಹ್ನ ಒಂದೂವರೆ ಗಂಟೆಗೆ ಮೈಸೂರಿನ ಒಳ್ಳೆಯ ಹೋಟೆಲಿಗೆ ಹೋದರೆ, ಊಟ ಮಾಡುತ್ತಿರುವವರ ಬೆನ್ನ ಹಿಂದೆಯೇ ನಿಂತು ಟೇಬಲಿಗೆ ಕಾಯಬೇಕು. ಆ ಇಕ್ಕಟ್ಟಿನಲ್ಲೇ ನಾಲ್ಕು ವರ್ಷದ ಒಬ್ಬ ಪೋರ ಅಡುಗೆಮನೆ ಬಾಗಿಲಿನಿಂದ ಕೈತೊಳೆಯುವ ಬೇಸಿನ್‌ವರೆಗೆ ಓಡುತ್ತಿರುತ್ತಾನೆ. ಅಪ್ಪ ಫೋನಿನಲ್ಲಿ, ಅಮ್ಮ ಎದುರು ಕೂತ ನಾದಿನಿಯ ಜೊತೆ ಮಾತಿನಲ್ಲಿ. ಸುತ್ತಲಿನವರು ಒಂದು ಸಲ ತಿರುಗಿ ನೋಡುತ್ತಾರೆ, ಇನ್ನೊಂದು ಸಲ ದುರುಗುಟ್ಟಿಕೊಂಡು ನೋಡುತ್ತಾರೆ, ‘ಈಗಿನ ಮಕ್ಕಳೇ ಹೀಗೆ’ ಎಂದು ತಮ್ಮ ಟೇಬಲಿಗಷ್ಟೇ ಕೇಳುವಂತೆ ಗೊಣಗಿ, ಮನೆಗೆ ಹೋದ ಮೇಲೆ ಬಾಯ್ತುಂಬ ಬೈಯುತ್ತಾರೆ. ಆ ಅಪ್ಪ-ಅಮ್ಮನಿಗೆ ವಿಷಯ ತಲುಪುವುದೇ ಇಲ್ಲ.

ತಲುಪಿಸಲು ದಾರಿ ಇದೆ. ಮಗುವನ್ನು ಬೆಳೆಸಿದ ರೀತಿಯ ಬಗ್ಗೆ ಮಾತೆತ್ತಬಾರದು. ಬಿಸಿ ಸಾಂಬಾರಿನ ಬಗ್ಗೆ ಮಾತೆತ್ತಬೇಕು.

1. ಬರೀ ಸದ್ದೋ, ಅಪಾಯವೋ ನೋಡಿ

ಒಂದು ವರ್ಷದ ಕೂಸು ಅಳುವುದು, ಚಮಚದಿಂದ ತಟ್ಟೆ ಬಡಿಯುವುದು, ‘ನಂಗೆ ಪೂರೀನೇ ಬೇಕು’ ಎಂದು ಹಟ ಹಿಡಿಯುವುದು ಬರೀ ಸದ್ದು. ಹೋಟೆಲೆಂದರೆ ಇಷ್ಟು ಇದ್ದೇ ಇರುತ್ತದೆ, ಸಹಿಸಿಕೊಳ್ಳಿ. ಟೇಬಲುಗಳ ನಡುವೆ ಓಡುವುದು, ಕುರ್ಚಿಯ ಮೇಲೆ ನಿಂತು ಹಿಂದಕ್ಕೆ ವಾಲುವುದು, ಅಡುಗೆಮನೆಯ ಬಾಗಿಲಲ್ಲಿ ಇಣುಕುವುದು ಬೇರೆ ಮಾತು.

ಸಪ್ಲೈಯರ್ ಒಂದು ಕೈಯಲ್ಲಿ ಮೂರು ದೋಸೆ ತಟ್ಟೆ ಜೋಡಿಸಿಕೊಂಡು, ಇನ್ನೊಂದು ಕೈಯಲ್ಲಿ ಸಾಂಬಾರಿನ ಬಕೆಟ್ ಹಿಡಿದು ಬರುತ್ತಿರುತ್ತಾನೆ. ಅವನ ಕಣ್ಣು ಟೇಬಲುಗಳ ಎತ್ತರಕ್ಕಿರುತ್ತದೆ. ಮಗುವಿನ ತಲೆ ಇರುವುದು ಅವನ ಸೊಂಟಕ್ಕಿಂತ ಕೆಳಗೆ, ಹೆಚ್ಚುಕಡಿಮೆ ಆ ಬಕೆಟ್ಟಿನ ಮಟ್ಟಕ್ಕೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಸುಮಾರು 5 ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೇ ಆಳವಾಗಿ ಸುಡಬಲ್ಲದು. ಮಕ್ಕಳ ಚರ್ಮ ಇನ್ನೂ ತೆಳು, ಅಷ್ಟು ಹೊತ್ತೂ ಬೇಡ. ಒಲೆಯಿಂದ ಆಗಷ್ಟೇ ಇಳಿದ ಸಾಂಬಾರು ಅದಕ್ಕಿಂತ ಬಿಸಿ ಇರುತ್ತದೆ, ಮೇಲೆ ಬೇಳೆ ಬೆಂದು ಮಂದವಾಗಿರುವುದರಿಂದ ಮೈಗೆ ಅಂಟಿಕೊಳ್ಳುತ್ತದೆ.

2. ಯಾಕೆ ಹೀಗಾಡುತ್ತಿದೆ ಎಂದು ಅಂದಾಜು ಮಾಡಿ

ನಮ್ಮ ಊರಿನಲ್ಲಿ ಇದು ಕಷ್ಟವಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ದಿನ, ಅದರಲ್ಲೂ ವಾರಾಂತ್ಯದಲ್ಲಿ, ಅದನ್ನು ಸುತ್ತಿ ಸುಸ್ತಾದ ಮಕ್ಕಳು ಎರಡು ಗಂಟೆಯ ಹೊತ್ತಿಗೆ ಹಸಿದು ಕಂಗಾಲಾಗಿ ಬರುತ್ತವೆ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ನೋಡಿ ಬಂದವಕ್ಕೆ ನಿದ್ದೆಯ ಹೊತ್ತು ಮೀರಿರುತ್ತದೆ. ಮದ್ದೂರಿನ ಕಥೆ ಇನ್ನೊಂದು. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾದ ಮೇಲೂ ವಡೆಯ ಆಸೆಗೆ ಹಳೆಯ ರಸ್ತೆಗೆ ಇಳಿಯುವ ಕುಟುಂಬಗಳಿವೆ. ಕಾರಿನ ಹಿಂದಿನ ಸೀಟಿನಲ್ಲಿ ಕೈಕಾಲು ಮುದುರಿ ಕೂತಿದ್ದ ಮಗುವನ್ನು ಇಳಿಸಿದ ಕೂಡಲೇ ಮತ್ತೆ ‘ಸುಮ್ನೆ ಕೂತ್ಕೋ’ ಎಂದರೆ ಅದು ಕೂರುತ್ತದೆಯೇ?

ಮೈಸೂರಿಗೇ ವಿಶೇಷವಾದ ಇನ್ನೊಂದು ಸಂಗತಿಯಿದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ತಡವಾದ, ಕಿವಿ ಕೇಳದ, ಆಟಿಸಂ ಇರುವ ಮಕ್ಕಳನ್ನು ಕರೆದುಕೊಂಡು ದೂರದೂರುಗಳಿಂದ ತಂದೆ-ತಾಯಿ ಇಲ್ಲಿಗೆ ಬರುತ್ತಾರೆ, ಊಟಕ್ಕೆ ನಮ್ಮ ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಕಿವಿ ಸರಿಯಾಗಿ ಕೇಳದ ಮಗುವಿಗೆ ತನ್ನ ದನಿ ಎಷ್ಟು ಜೋರಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಆಟಿಸಂ ಇರುವ ಮಗುವಿಗೆ ಮಿಕ್ಸಿಯ ಸದ್ದು, ಸ್ಟೀಲ್ ತಟ್ಟೆ ಎಸೆಯುವ ಸದ್ದು ತಡೆಯಲಾಗದಷ್ಟು ಹಿಂಸೆ ಕೊಡಬಹುದು. ಕಿವಿ ಮುಚ್ಚಿಕೊಂಡು ಕಿರುಚುವುದು ಪುಂಡಾಟವಲ್ಲ. ನೋಟದಿಂದ ಇದನ್ನು ಪತ್ತೆ ಮಾಡಲಾಗದು. ಆದ್ದರಿಂದ ‘ನಾಲ್ಕು ಬಿಟ್ರೆ ಸರಿಹೋಗ್ತದೆ’ ಎಂದು ಸಲಹೆ ಕೊಡುವ ಹಿರಿಯರು ದಯವಿಟ್ಟು ಕಾಫಿ ಆರುವ ಮೊದಲು ಕುಡಿಯಲಿ.

3. ಮೊದಲು ಹೋಟೆಲಿನವರಿಗೆ ಹೇಳಿ

ನೇರವಾಗಿ ಆ ಟೇಬಲಿಗೆ ಹೋಗಬೇಡಿ. ಗಲ್ಲಾದಲ್ಲಿ ಕೂತವರ ಅಥವಾ ಸೂಪರ್‌ವೈಸರ್ ಬಳಿ ಹೋಗಿ, ‘ಆ ಮಗು ಅಡುಗೆಮನೆ ಬಾಗಿಲ ಹತ್ರ ಓಡ್ತಾ ಇದೆ, ಸ್ವಲ್ಪ ನೋಡಿ’ ಎಂದರೆ ಸಾಕು. ಗಿರಾಕಿಗೆ ಗಿರಾಕಿ ಹೇಳಿದರೆ ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಹೋಟೆಲಿನವರು ಹೇಳಿದರೆ ಅವರ ಕೆಲಸದ ಭಾಗ. ನಿಮ್ಮ ಟೇಬಲ್ ಬದಲಿಸಿಕೊಡಿ ಎಂದೂ ಕೇಳಬಹುದು, ಅದರಲ್ಲಿ ಸೋಲೇನೂ ಇಲ್ಲ.

4. ನೀವೇ ಹೇಳಬೇಕಾಗಿ ಬಂದರೆ

ಮಗುವಿಗಲ್ಲ, ದೊಡ್ಡವರಿಗೆ ಹೇಳಿ. ನಗುಮುಖದಿಂದ, ಒಂದೇ ವಾಕ್ಯ: ‘ಅಕ್ಕಾ, ಬಿಸಿ ಸಾಂಬಾರ್ ತರ್ತಿದಾರೆ, ಪಾಪೂನ ಸ್ವಲ್ಪ ಈ ಕಡೆ ಕರ್ಕೊಳ್ಳಿ.’ ಮಂಡ್ಯದ ಕಡೆ ಇದನ್ನೇ ಯಾವ ಮುಜುಗರವೂ ಇಲ್ಲದೆ ಹೇಳಿಬಿಡುತ್ತಾರೆ: ‘ಅಣ್ಣೋ, ಬಿಸಿ ಐತೆ, ಮಗೀನ ಇತ್ಲಾಗ್ ಕರ್ಕಳಿ!’ ಅರ್ಧ ಹೋಟೆಲಿಗೆ ಕೇಳುತ್ತದೆ, ಯಾರಿಗೂ ಬೇಜಾರಾಗುವುದಿಲ್ಲ. ಮೈಸೂರಿನ ನಯದಲ್ಲಿ ಸುತ್ತಿ ಬಳಸಿ, ‘ನಮ್ ಮಕ್ಕಳನ್ನ ನಾವು ಹೀಗೆ ಬಿಡ್ತಿರ್ಲಿಲ್ಲಪ್ಪ’ ಎಂದು ಗಾಳಿಗೆ ಹೇಳುವುದಕ್ಕಿಂತ ಅದು ಎಷ್ಟೋ ಮೇಲು. ಹೇಳಿ ಮುಗಿದ ಮೇಲೆ ನಿಮ್ಮ ತಟ್ಟೆಗೆ ಮರಳಿ. ಅವರು ಏನು ಮಾಡುತ್ತಾರೆ ಎಂದು ನೋಡುತ್ತಾ ಕೂತರೆ ಆಡಿದ ಮಾತು ಆಜ್ಞೆಯಾಗಿಬಿಡುತ್ತದೆ.

ಮಾಡಬಾರದವು: ಬೇರೆಯವರ ಮಗುವಿನ ತೋಳು ಹಿಡಿದು ಎಳೆಯಬೇಡಿ (ಬಕೆಟ್ಟಿಗೆ ಡಿಕ್ಕಿ ಹೊಡೆಯುವ ಕ್ಷಣವೊಂದನ್ನು ಬಿಟ್ಟು). ಸಮಾಧಾನಕ್ಕೆಂದು ಕೇಳದೆ ತಿಂಡಿ ಕೊಡಬೇಡಿ, ಕಡಲೆಕಾಯಿ ಒಗ್ಗದ ಮಕ್ಕಳಿರುತ್ತವೆ. ವಿಡಿಯೊ ಮಾಡಿ ಹಂಚುವುದಂತೂ ಬೇಡವೇ ಬೇಡ. ತಪ್ಪು ಅಪ್ಪ-ಅಮ್ಮನದು, ಮುಖ ಊರೆಲ್ಲ ಹರಡುವುದು ಮಗುವಿನದು.

5. ಹೋಟೆಲ್ ಮಾಲೀಕರು ಮಾಡಬಹುದಾದ್ದು

ಹಳೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಂ’ ಎಂಬ ಮರದ ತಡಿಕೆಯ ಗೂಡುಗಳಿದ್ದವು. ಹೆಂಗಸರ ಮರೆಗೆಂದು ಮಾಡಿದ್ದರೂ ಮಕ್ಕಳ ಓಡಾಟಕ್ಕೆ ಅವೇ ಬೇಲಿಯಾಗಿದ್ದವು. ಈಗ ಹಾಲ್ ಪೂರ್ತಿ ಬಯಲು. ಹಾಗಾಗಿ ಮಕ್ಕಳಿರುವವರನ್ನು ಅಡುಗೆಮನೆಯ ದಾರಿಯಿಂದ ದೂರ, ಗೋಡೆಯ ಕಡೆಗೆ ಕೂರಿಸಿ. ದೊಡ್ಡವರ ಆರ್ಡರಿಗೆ ಕಾಯದೆ ಮಗುವಿಗೆ ಒಂದು ಇಡ್ಲಿ ಮೊದಲೇ ಕಳುಹಿಸಿ. ಇದಕ್ಕಿಂತ ಪರಿಣಾಮಕಾರಿ ಉಪಾಯ ನನಗಂತೂ ಕಂಡಿಲ್ಲ. ಸಾಂಬಾರನ್ನು ಮಗುವಿನ ತಲೆಯ ಮೇಲಿನಿಂದ ಬಡಿಸಬಾರದೆಂದು ಹುಡುಗರಿಗೆ ಕಲಿಸಿ. ಬೋರ್ಡು ಹಾಕುವುದಾದರೆ ‘ಮಕ್ಕಳ ಗಲಾಟೆ ನಿಷೇಧಿಸಿದೆ’ ಎಂದು ಬರೆಸಬೇಡಿ, ‘ಬಿಸಿ ಪದಾರ್ಥ ಓಡಾಡುವ ದಾರಿ, ಮಕ್ಕಳ ಕೈ ಹಿಡಿದುಕೊಳ್ಳಿ’ ಎಂದು ಬರೆಸಿ. ದಸರಾ ದಿನಗಳಲ್ಲಿ ಇದೆಲ್ಲ ಎರಡು ಪಟ್ಟು ಬೇಕಾಗುತ್ತದೆ.

ಇಷ್ಟಾದರೂ ಸಾಂಬಾರು ಬಿದ್ದೇಬಿಟ್ಟರೆ, ಬಟ್ಟೆ ಮೈಗೆ ಅಂಟಿಲ್ಲದಿದ್ದರೆ ಬೇಗ ತೆಗೆದು, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಕೈತೊಳೆಯುವ ನಲ್ಲಿಯೇ ಸಾಕು. ಐಸ್, ಟೂತ್‌ಪೇಸ್ಟ್, ಅರಿಶಿನ, ದೋಸೆ ಹಿಟ್ಟು ಯಾವುದೂ ಹಚ್ಚಬಾರದು. ಅಷ್ಟರಲ್ಲಿ ಒಬ್ಬರು 108ಕ್ಕೆ ಕರೆ ಮಾಡಲಿ.

6. ಅಪ್ಪ-ಅಮ್ಮಂದಿರಿಗೆ

ಒಂದೂವರೆಯ ಬದಲು ಹನ್ನೆರಡೂಕಾಲಿಗೆ ಹೋಗಿ, ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ. ಆರ್ಡರ್ ಕೊಟ್ಟು ತಿಂಡಿ ಬರುವವರೆಗಿನ ಹೊತ್ತೇ ಕಷ್ಟದ್ದು. ಆಗ ಒಬ್ಬರು ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ರಸ್ತೆಯ ಟಾಂಗಾ ತೋರಿಸಿ, ಇನ್ನೊಬ್ಬರು ಟೇಬಲ್ ಕಾಯಿರಿ, ಪ್ಲೇಟು ಬಂದಾಗ ಫೋನ್ ಮಾಡಿ ಕರೆಸಿ. ಊಟವೂ ಪಾಳಿಯಲ್ಲೇ ಆಗಲಿ.

ಮಗುವಿನ ಕೈಗೆ ಮೊಬೈಲ್ ಕೊಡುವುದು ಸುಲಭ ಎಂಬುದು ಎಲ್ಲರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ, ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎನ್ನುತ್ತದೆ. ಕೊಡಲೇಬೇಕಾದರೆ ಸೌಂಡ್ ಪೂರ್ತಿ ತೆಗೆದು ಕೊಡಿ. ಕಾರ್ಟೂನಿನ ಹಾಡು ಹಾಲಿಗೆಲ್ಲ ಕೇಳುವುದೂ ಗಲಾಟೆಯೇ. ಯಾರಾದರೂ ಬಂದು ‘ಬಿಸಿ ಇದೆ, ನೋಡ್ಕೊಳ್ಳಿ’ ಎಂದರೆ ‘ಮಕ್ಕಳು ಅಂದ್ಮೇಲೆ ಇದೆಲ್ಲ ಇರುತ್ತೆ’ ಎಂದು ವಾದಕ್ಕೆ ನಿಲ್ಲದೆ, ಎದ್ದು ಮಗುವನ್ನು ಕರೆತನ್ನಿ. ಹೊರಡುವಾಗ ಟೇಬಲಿನ ಕೆಳಗೆ ಚೆಲ್ಲಿದ ಚಿತ್ರಾನ್ನ, ಸಾಸ್ ಪೊಟ್ಟಣಗಳನ್ನು ಒಂದು ತಟ್ಟೆಗೆ ಎತ್ತಿಟ್ಟರೆ ಕ್ಲೀನರ್ ಹುಡುಗನಿಗೆ ಐದು ನಿಮಿಷದ ಕೆಲಸ ಉಳಿಯುತ್ತದೆ, ಬಾಗಿಲಲ್ಲಿ ಕಾಯುತ್ತಿರುವವರಿಗೆ ಟೇಬಲ್ ಬೇಗ ಸಿಗುತ್ತದೆ.